ನಡುಮನೆಯ ಕಂಪ್ಯೂಟರ್

ನಾನು ಮೊದಲ ಸಲ ಲಿನಕ್ಸ್ ಹಾಕಿದ ಕಂಪ್ಯೂಟರನ್ನು ಮುಟ್ಟಿರಲಿಲ್ಲ. ನೋಡಿಯೂ ಇರಲಿಲ್ಲ. ಅದು ಹಂಗಳದ ದೊಡ್ಡಮಲ್ಲಪ್ಪನವರ ನಡುಮನೆಯಲ್ಲಿ, ಟಿ.ವಿ.ಯ ಪಕ್ಕದಲ್ಲಿ, ಹಳೆಯ ಸೀರೆಯ ತುಂಡು ಹೊದ್ದು ಕೂತಿತ್ತು. ನಾನು ಹೊರಗೆ ಜಗಲಿಯ ಮೇಲೆ ಕೂತಿದ್ದೆ. ನಮ್ಮ ಕೇರಿಯವರು ಆ ಮನೆಯ ಜಗಲಿ ದಾಟುವುದಿಲ್ಲ. ನಮ್ಮಪ್ಪ ಪುಟ್ಟಮಾದು ನಾನು ಹುಟ್ಟುವ ಮೊದಲಿನಿಂದ ಅವರ ಅರಿಸಿನದ ಹೊಲದಲ್ಲಿ ಗೇಯುತ್ತಿದ್ದಾನೆ. ಅವನು ಜಗಲಿಯನ್ನೂ ಹತ್ತುವುದಿಲ್ಲ, ಅಂಗಳದಲ್ಲೇ ನಿಂತು 'ಬುದ್ಧೀ' ಅನ್ನುತ್ತಾನೆ. ನಾನು ಬಿ.ಎಸ್ಸಿ. ಓದುತ್ತಿದ್ದೆ, ಇಸ್ತ್ರಿ ಮಾಡಿದ ಅಂಗಿ ಹಾಕುತ್ತಿದ್ದೆ. ಅಷ್ಟಕ್ಕೆ ನನಗೆ ಜಗಲಿ ಸಿಕ್ಕಿತ್ತು.

ಇದು ತೊಂಬತ್ತೆಂಟನೇ ಇಸವಿಯ ದಸರಾ ರಜೆಯಲ್ಲಿ ನಡೆದದ್ದು. ಚಾಮರಾಜನಗರದ ನಮ್ಮ ಹಾಸ್ಟೆಲಿನ ಲೈಬ್ರರಿ ಎಂದರೆ ಊಟದ ಹಾಲಿನ ಮೂಲೆಯಲ್ಲಿದ್ದ ಎರಡು ಕಬ್ಬಿಣದ ಬೀರು. ಕಾದಂಬರಿಗಳೆಲ್ಲ ಮುಗಿದ ಮೇಲೆ ಉಳಿದದ್ದು, ಕೆಲಸ ಸಿಕ್ಕಿ ಹೋದ ಸೀನಿಯರ್ ಒಬ್ಬ ಬಿಟ್ಟುಹೋಗಿದ್ದ ಕಂಪ್ಯೂಟರ್ ಪತ್ರಿಕೆಗಳು ಮತ್ತು ಲಿನಕ್ಸ್ ಬಗ್ಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ. ಲಿನಕ್ಸ್ ಅಂದರೆ ವಿಂಡೋಸ್ ಥರವೇ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆ. ಆದರೆ ಇದನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು, ಯಾರಿಗೆ ಬೇಕಾದರೂ ಹಂಚಬಹುದು ಎಂದು ಪುಸ್ತಕದ ಮೊದಲ ಪುಟದಲ್ಲೇ ಬರೆದಿತ್ತು. ಈ ಮಾತು ನನಗೆ ಹಿಡಿಸಿತು. ಪುಸ್ತಕವನ್ನು ಪೂರ್ತಿ ಓದಿದೆ, ಮತ್ತೆ ಓದಿದೆ. ಎತ್ತಿಲ್ಲದವನು ಉಳುಮೆ ಕಲಿತ ಹಾಗೆ ಕಲಿತೆ. ಕಾಲೇಜಿನಲ್ಲಿ ಒಂದು ಕಂಪ್ಯೂಟರಿನ ಹಿಂದೆ ಒಂದು ಗುಂಪು ನಿಲ್ಲುತ್ತಿದ್ದೆವು. ಕೀಬೋರ್ಡ್ ಮುಂದೆ ಕೂತವನು ಯಾವಾಗಲೂ ಬೇರೆ ಯಾರೋ ಆಗಿರುತ್ತಿದ್ದ.

ಪತ್ರಿಕೆಯ ಜೊತೆ ಒಂದು ಲಿನಕ್ಸ್ ಸಿ.ಡಿ. ಬಂದಿತ್ತು. ಕಾಗದದ ಲಕೋಟೆ, ಮುಂದೆ ದುಂಡಗೆ ಪ್ಲಾಸ್ಟಿಕ್ಕಿನ ಕಿಟಕಿ. ರಜೆಗೆ ಮನೆಗೆ ಒಯ್ಯಲು ವಾರ್ಡನ್ನರು ಒಪ್ಪಿದರು. "ಮನೇಲಿ ಕಂಪ್ಯೂಟರ್ ಇದೆಯೇನಯ್ಯಾ?" ಎಂದು ಕೇಳಿದರು. ಇಲ್ಲ ಎಂದೆ. "ಮತ್ತೆ ಯಾಕೆ?" ಎಂದರು. ಯಾಕೆಂದು ನನಗೂ ಗೊತ್ತಿರಲಿಲ್ಲ. ಆದರೂ ಕೊಟ್ಟರು. ಈ ಕತೆಯಲ್ಲಿ ನಾನು ನೆನೆಯಬೇಕಾದವರಲ್ಲಿ ಅವರು ಮೊದಲನೆಯವರು.

ಗುಂಡ್ಲುಪೇಟೆಯಿಂದ ಹಂಗಳಕ್ಕೆ ಬರುವ ಬಸ್ಸಿನಲ್ಲಿ ನಾಗರತ್ನ ಸಿಕ್ಕಿದಳು. ದೊಡ್ಡಮಲ್ಲಪ್ಪನವರ ಮೊಮ್ಮಗಳು. ಹೈಸ್ಕೂಲಿನಲ್ಲಿ ನನ್ನ ತರಗತಿ. ಪಿ.ಯು.ಸಿ. ಆದ ಮೇಲೆ ಅವಳನ್ನು ಕಾಲೇಜು ಬಿಡಿಸಿದ್ದರು. ಬಹಳ ಜಗಳವಾಡಿ ಗುಂಡ್ಲುಪೇಟೆಗೆ ಟೈಪಿಂಗ್ ಕಲಿಯಲು ಹೋಗುವಷ್ಟನ್ನು ಉಳಿಸಿಕೊಂಡಿದ್ದಳು. ನನ್ನ ಮಡಿಲಲ್ಲಿದ್ದ ಪುಸ್ತಕದ ಬೆನ್ನನ್ನು ಕತ್ತು ವಾಲಿಸಿ ಓದಿದಳು.

"ಕಂಪ್ಯೂಟರಾ? ನಮ್ಮನೇಲಿ ಒಂದು ಸತ್ತು ಬಿದ್ದದೆ ಕಣೋ ಮಾಲಿಂಗ. ಎಬ್ಬಿಸ್ತೀಯಾ?"

ಅದು ಅವಳ ಅಣ್ಣ ಸಾಗರನದು. ಮೈಸೂರಿನಲ್ಲಿ ಡಿಪ್ಲೊಮಾ ಓದುವಾಗ ಕೊಡಿಸಿದ್ದು. ಅವನು ಅದರಲ್ಲಿ ಸಿಕ್ಕಿದ್ದನ್ನೆಲ್ಲ ತುಂಬಿದ, ವೈರಸ್ ಹತ್ತಿತು, ವಿಂಡೋಸ್ ಮೇಲೇಳುವುದನ್ನು ನಿಲ್ಲಿಸಿತು. ಅವನು ಅದನ್ನು ಊರಿಗೆ ತಂದು ಬಿಸಾಕಿ ಹೋಗಿದ್ದ. ಈಗ ಆಯುಧಪೂಜೆಗೆ ಬಂದಾಗ ಮೈಸೂರಿಗೆ ವಾಪಸ್ ಒಯ್ದು, ಗೆಳೆಯನೊಬ್ಬನಿಗೆ ಕೊಟ್ಟು, ಬದಲಿಗೆ ಅವನ ಹಾಡಿನ ಸೆಟ್ಟು ತೆಗೆದುಕೊಳ್ಳುವವನಿದ್ದ.

ಮಾರನೆಯ ದಿನ ನಾನು ಹೋಗಿ ಅಂಗಳದಲ್ಲಿ ನಿಂತಾಗ ದೊಡ್ಡಮಲ್ಲಪ್ಪನವರು ಜಗಲಿಯ ಕಂಬಕ್ಕೆ ಒರಗಿ ಎಲೆಯಡಿಕೆ ಹಾಕುತ್ತಿದ್ದರು. ನಾಗರತ್ನ ಮೊದಲೇ ಮಾತಾಡಿದ್ದಳು.

"ಏನ್ಲಾ, ಪುಟ್ಮಾದು ಮಗ. ಎಬ್ಬಿಸ್ತೀಯಂತೆ?"

"ನೋಡ್ತೀನಿ ಯಜಮಾನ್ರೇ."

"ಪೂಜೆ ಒಳಗೆ ಎದ್ರೆ ಈ ಮನೇಲೇ ಇರ್ಲಿ, ಈ ಮಗೂ ಟೈಪ್ ಮಾಡ್ಕೊಂಡಿರ್ತದೆ. ಏಳ್ನಿಲ್ವಾ, ಸಾಗರ ತಕೊಂಡೋಗ್ಲಿ." ಎಲೆಯ ತೊಟ್ಟು ಮುರಿದು ಬಿಸಾಕಿದರು. "ಕೆಟ್ಟಿರಾದ್ನ ನೀ ಇನ್ನೇನ್ ಕೆಡಿಸೀಯೆ? ಆದ್ರೂ ಕೆಡಿಸ್ಬುಟ್ರೆ ನಿಮ್ಮಪ್ಪನ್ನ ಕೇಳ್ತೀನಿ ಕಣ್ಲಾ."

ನಕ್ಕರು. ನಾನೂ ನಕ್ಕೆ. ಆದರೆ ಅಪ್ಪ ಅಲ್ಲೇ ಹಿಂದೆ ಗುದ್ದಲಿ ಹಿಡಿದು ನಿಂತಿದ್ದ, ಅವನು ನಗಲಿಲ್ಲ.

ಪೂಜೆಗೆ ವಾರವೂ ಇರಲಿಲ್ಲ. ಕಂಪ್ಯೂಟರ್ ಹೋದರೆ ನಾಗರತ್ನಳಿಗೆ ಆ ಮನೆಯಲ್ಲಿ ಉಳಿಯುವುದು ಒಲೆ ಮತ್ತು ಟಿ.ವಿ. ನನಗೆ ಉಳಿಯುವುದು ಇನ್ನೊಬ್ಬನ ಬೆನ್ನ ಹಿಂದೆ ನಿಲ್ಲುವುದು. ಇಬ್ಬರಿಗೂ ಬೇಕಾದದ್ದು ಒಂದೇ: ಆ ಯಂತ್ರ ಊರಿನಲ್ಲಿ ಉಳಿಯಬೇಕು.

ಅದು ನಡುಮನೆಯಲ್ಲಿದ್ದದ್ದಕ್ಕೆ ಕಾರಣ, ವೋಲ್ಟೇಜ್ ಹತೋಟಿಯಲ್ಲಿಡುವ ಸ್ಟೆಬಿಲೈಸರ್ ಟಿ.ವಿ.ಗಾಗಿ ಅಲ್ಲಿತ್ತು. ಹಾಗಾಗಿ ಕೆಲಸದ ಕ್ರಮ ತಾನಾಗೇ ಗೊತ್ತಾಯಿತು. ನಾನು ಪುಸ್ತಕ ಬಿಚ್ಚಿಕೊಂಡು ಜಗಲಿಯಲ್ಲಿ ಕೂರುವುದು. ನಾಗರತ್ನ ಒಳಗೆ ಕೂರುವುದು. ತೆರೆಯ ಮೇಲೆ ಬಂದದ್ದನ್ನು ಅವಳು ಕೂಗಿ ಹೇಳುವುದು, ಏನು ಒತ್ತಬೇಕೆಂದು ನಾನು ಕೂಗಿ ಹೇಳುವುದು. ಹೊಸಲಿನ ಒಳಗೆ ಅವಳ ಅಜ್ಜಿ ಮಂಗಳಗೌರಮ್ಮ ಕಡಲೆಕಾಯಿ ಸುಲಿಯುತ್ತ ನಮ್ಮಿಬ್ಬರ ನಡುವೆ ಕಾವಲಿಗೆ ಕೂರುವುದು. ಬಸ್ಸಿನಲ್ಲಿ ನಾನು ನಾಗರತ್ನಳಿಗೆ ನೀನು ಅಂದಿದ್ದೆ. ಇಲ್ಲಿ ನೀವು ಅಂದೆ.

ಕಾಲೇಜಿನಲ್ಲಿ ಕೀಬೋರ್ಡ್ ಮುಂದೆ ಕೂತವನಿಂದ ಮಾಡಿಸಿಕೊಂಡು ತಂದಿದ್ದ, ಯಂತ್ರವನ್ನು ಶುರುಮಾಡಿಸುವ ಫ್ಲಾಪಿಯನ್ನೂ ಲಕೋಟೆಯ ಸಮೇತ ಸಿ.ಡಿ.ಯನ್ನೂ ಜಗಲಿಯ ಮೇಲಿಟ್ಟೆ. ಅವಳು ಬಂದು ಎತ್ತಿಕೊಂಡು ಹೋದಳು.

"ಬೂಟ್ ಅಂತ ಬಂದದೆ. ಮುಂದೆ ಎರಡು ಚುಕ್ಕಿ."

"ಎಂಟರ್ ಒತ್ತಿ."

"ಒತ್ತಿದೆ. ಬರೀ ಚುಕ್ಕಿ ಚುಕ್ಕಿ ಬತ್ತಾವೆ ಕಣೋ."

"ಬರ್ಲಿ. ಅದು ಒಳ್ಳೇದು."

ಮಂಗಳಗೌರಮ್ಮ ಕಡಲೆಕಾಯಿ ನಿಲ್ಲಿಸಿದರು. "ಇದೇನ್ ಕಣಮ್ಮಿ, ಅವ್ನು ಮಂತ್ರ ಏಳ್ದಂಗೆ ಏಳ್ತಾನೆ, ನೀನು ಇಲ್ಲಿ ಒತ್ತೀಯ?"

"ಮಂತ್ರ ಅಲ್ಲ ಅಜ್ಜಿ, ಕಮಾಂಡು."

"ಅವ್ನು ನಿಂಗೆ ಕಮಾಂಡ್ ಮಾಡ್ತಾನಾ?"

"ನಂಗಲ್ಲ, ಕಂಪ್ಯೂಟರ್‌ಗೆ."

"ಮತ್ತೆ ನೀನ್ಯಾಕೆ ಮಧ್ಯ?"

ಒಳಗೆ ಮತ್ತೆ ಟಕ್ ಎಂದಿತು. ಅಜ್ಜಿ ಒಂದು ಕಾಯಿ ಒಡೆದು ಬಾಯಿಗೆ ಹಾಕಿಕೊಂಡರು.

ಸ್ವಲ್ಪ ಹೊತ್ತಿಗೆ ನಾಗರತ್ನ ಕೂಗಿದಳು. "ಡಿಸ್ಕಲ್ಲಿ ಇರಾದ್ನೆಲ್ಲ ಅಳಿಸ್ಬುಡ್ಲಾ ಅಂತ ಕೇಳ್ತಾದೆ."

ಇಲ್ಲಿಂದ ಹಿಂದಕ್ಕೆ ಬರುವ ದಾರಿ ಇಲ್ಲ ಎಂದು ಪುಸ್ತಕ ಹೇಳಿತ್ತು. ನನಗೆ ಅಪ್ಪನ ಮುಖ ನೆನಪಾಯಿತು. "ಅದ್ರಲ್ಲಿ ನಿಮ್ಮಣ್ಣಂದು ಮುಖ್ಯವಾದ್ದು ಏನಾದ್ರೂ ಇತ್ತಾ?"

"ಇತ್ತು. ಇಸ್ಪೀಟ್ ಆಟ."

"ಅಳಿಸಿ."

ಅಳಿಸಿದಳು. ಸಿ.ಡಿ.ಯಿಂದ ಒಂದೊಂದೇ ಕಡತ ಡಿಸ್ಕಿಗೆ ಇಳಿಯತೊಡಗಿತು. ಅವಳು ಹೆಸರುಗಳನ್ನು ಓದುತ್ತ ಹೋದಳು. ಅರ್ಥವಾಗದ ಹೆಸರುಗಳು, ಆದರೂ ಕೇಳಲು ಹಿತವಾಗಿದ್ದವು. ಕಾಫಿ ಬಂತು, ನಮ್ಮವರಿಗೆಂದು ಸೂರಿನ ಸಂದಿಯಲ್ಲಿ ಇಡುವ ಲೋಟದಲ್ಲಿ. ಕುಡಿದು, ತೊಳೆದು, ಸಂದಿಗೇ ಇಟ್ಟೆ. ವಾಪಸ್ ಕೂರುವಷ್ಟರಲ್ಲಿ ಓದು ನಿಂತಿತ್ತು.

"ಒಂದು ಡಬ್ಬಿ ಬಂದದೆ. ಎರರ್ ಅಂತದೆ. ಓಕೆ ಅನ್ನೋದು ಬುಟ್ಟು ಬೇರೆ ಏನೂ ಇಲ್ಲ."

ಓಕೆ ಒತ್ತಿಸಿದೆ. ಇನ್ನೊಂದು ಎರರ್. ಮತ್ತೊಂದು. ಆಮೇಲೆ ಯಂತ್ರ ಅಲುಗಾಡದೆ ನಿಂತುಬಿಟ್ಟಿತು.

ಮನೆಗೆ ಬಂದಾಗ ಅವ್ವ ಚಿಕ್ಕನಿಂಗಮ್ಮ ಒಲೆಯ ಮುಂದಿದ್ದಳು. "ಎದ್ತಾ?" ಎಂದಳು.

"ಏಳ್ನಿಲ್ಲ ಕಣವ್ವ."

"ಎದ್ದೇಳ್ತದೆ ಬುಡು. ಸ್ವಾಮಿಗೆ ಒಪ್ಸಿವ್ನಿ."

ಅವ್ವ ಎಲ್ಲವನ್ನೂ ಮಂಟೇಸ್ವಾಮಿಗೆ ಒಪ್ಪಿಸುತ್ತಾಳೆ. ಆಡಿನ ಹೆರಿಗೆಯನ್ನೂ, ನನ್ನ ಪರೀಕ್ಷೆಯನ್ನೂ. ನಾನು ಅದನ್ನು ಕಿವಿಗೆ ಹಾಕಿಕೊಳ್ಳದೆ ಪುಸ್ತಕದ ಕೊನೆಯಲ್ಲಿದ್ದ 'ತೊಂದರೆಗಳು' ಎಂಬ ಭಾಗ ಓದಲು ಕೂತೆ.

ಪುಸ್ತಕದ ಪ್ರಕಾರ ಅನುಮಾನಿಸಬೇಕಾದವು ಮೂರು: ಮೆಮೊರಿ, ಕೇಬಲ್ಲು, ಕರೆಂಟು. ಮಾರನೆಯ ದಿನದಿಂದ ಒಂದೊಂದನ್ನೇ ಹಿಡಿದೆವು.

ಮೆಮೊರಿ ಸ್ವಲ್ಪ ಕಡಿಮೆ ಇದೆಯೆಂದು ಯಂತ್ರಕ್ಕೆ ಸುಳ್ಳು ಹೇಳಿ ಶುರುಮಾಡಿಸಬಹುದಿತ್ತು. ಅಕ್ಷರ ಅಕ್ಷರ ಬಿಡಿಸಿ ಹೇಳಿದೆ. "ಎಲ್, ಐ, ಎನ್, ಯು, ಎಕ್ಸ್. ಆಮೇಲೆ ಒಂದು ಜಾಗ ಬಿಡಿ. ಎಮ್, ಇ, ಎಮ್. ಸಮ ಚಿಹ್ನೆ." ನಾನು ಒಂದು ಅಕ್ಷರ ಹೇಳುವುದರೊಳಗೆ ಒಳಗೆ ಟಕ್ ಅನ್ನುತ್ತಿತ್ತು. ಅವಳ ಬೆರಳು ಅಷ್ಟು ಚುರುಕು. ಯಂತ್ರ ಸುಳ್ಳನ್ನು ನಂಬಿತು, ಆದರೂ ನಡುವೆ ನಿಂತಿತು.

ಕೇಬಲ್ಲಿಗೆ ಡಬ್ಬಿ ಬಿಚ್ಚಬೇಕಿತ್ತು. ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚುವ ಸ್ಕ್ರೂಡ್ರೈವರನ್ನು ಅವಳೇ ಹುಡುಕಿ ತಂದಳು. "ಬೂದು ಬಣ್ಣದ ಚಪ್ಪಟೆ ಪಟ್ಟಿ, ಒಂದು ಅಂಚಿಗೆ ಕೆಂಪು ಗೆರೆ. ಕಿತ್ತು ಮತ್ತೆ ಒತ್ತಿ."

"ಕಿತ್ತೆ. ಒತ್ತಿದೆ. ಒಳಗೆಲ್ಲ ಜೇಡ ಕಟ್ಟದೆ ಕಣೋ."

"ಜೇಡ ಬಿಡಿಸಿ."

"ಅದಕ್ಕೂ ಕಮಾಂಡ್ ಅದಾ?"

ಜಗಲಿಯಲ್ಲಿ ಒಬ್ಬನೇ ಕೂತು ನಕ್ಕೆ. ಯಂತ್ರ ಮತ್ತೆ ನಿಂತಿತು. ಈ ಸಲ ಬೇರೆ ಜಾಗದಲ್ಲಿ. ಅದೇ ನನ್ನನ್ನು ಕಂಗೆಡಿಸಿದ್ದು. ಒಂದೇ ಕಡತದಲ್ಲಿ ನಿಂತರೆ ಆ ಕಡತ ಕೆಟ್ಟಿದೆ ಎನ್ನಬಹುದು. ಇದು ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ನಿಲ್ಲುತ್ತಿತ್ತು.

ಉಳಿದದ್ದು ಕರೆಂಟು. ಊರಿನ ಪಂಪ್‌ಸೆಟ್ಟುಗಳು ಶುರುವಾದರೆ ಬಲ್ಬು ಕೆಂಪಗಾಗುವುದು ಎಲ್ಲರಿಗೂ ಗೊತ್ತು. ನಾಗರತ್ನ ತಾತನನ್ನು ಕಾಡಿ, ಒಂದು ಬೆಳಿಗ್ಗೆ ಮನೆ ಹಿಂದಿನ ಪಂಪನ್ನು ನಿಲ್ಲಿಸಿಸಿದಳು. ದೊಡ್ಡಮಲ್ಲಪ್ಪನವರು ಬಂದು ನನ್ನ ತಲೆಯ ಮೇಲೆ ನಿಂತರು.

"ಅರಿಸಿನಕ್ಕೆ ಓಗೋ ನೀರ್ ನಿಲ್ಸಿ ನಿನ್ ಪೆಟ್ಗೆಗೆ ಕರೆಂಟ್ ಕೊಟ್ಟಿವ್ನಿ ಕಣ್ಲಾ. ಅದೇನ್ ಎದ್ದು ಬಂದು ಕಳೆ ಕಿತ್ತದಾ?"

ಅದು ಏಳಲಿಲ್ಲ, ಕಳೆಯನ್ನೂ ಕೀಳಲಿಲ್ಲ. ಆದರೆ ಅವರು ಪಂಪು ನಿಲ್ಲಿಸಿದ್ದು ನಿಜ. ಹೊಲಕ್ಕೆ ನೀರು ತಡವಾದದ್ದೂ ನಿಜ. ಅದನ್ನು ನಾನು ಮರೆತಿಲ್ಲ.

ಹಾಗೆ ಪೂಜೆಯ ಹಿಂದಿನ ದಿನ ಬಂತು. ಡಿಸ್ಕಿನಲ್ಲಿ ಈಗ ವಿಂಡೋಸೂ ಇಲ್ಲ, ಲಿನಕ್ಸೂ ಇಲ್ಲ. ಸಾಗರ ಬಂದರೆ 'ಕೆಟ್ಟಿತ್ತು' ಅನ್ನುವುದಿಲ್ಲ, 'ಕೇರಿ ಹುಡುಗ ಅಳಿಸಿಹಾಕಿದ' ಅನ್ನುತ್ತಾನೆ. ಅಪ್ಪ ಬೆಳಿಗ್ಗೆ ಮುದ್ದೆ ಮುರಿಯುತ್ತ, "ಅದ್ನ ಇದ್ದಂಗೆ ಮಾಡ್ಬುಟ್ಟು ಬಂದ್ಬುಡ್ಲಾ ಮಗ" ಎಂದಿದ್ದ. ಇದ್ದ ಹಾಗೆ ಮಾಡುವುದೂ ನನಗೆ ಬರುತ್ತಿರಲಿಲ್ಲ.

ಜಗಲಿಯಲ್ಲಿ ಪುಸ್ತಕ ಮುಚ್ಚಿಟ್ಟೆ. ಪುಸ್ತಕ ಬರೆದವನು ಕಂಪ್ಯೂಟರಿನ ಮುಂದೆ ಕೂತವನಿಗಾಗಿ ಬರೆದಿದ್ದ. ಮುಂದೆ ಕೂತವನಿಗೆ ಕಣ್ಣಿಗೆ ಕಾಣುವುದನ್ನು ಯಾರೂ ಬರೆದು ಹೇಳುವುದಿಲ್ಲ. ನನಗೆ ಕಾಣದೆ ಇರುವುದು ಏನು ಎಂದು ಯೋಚಿಸಿದೆ. ಎಲ್ಲವೂ.

"ನಾಗರತ್ನ ಅವ್ರೇ, ಇವತ್ತು ಏನೂ ಒತ್ತಬೇಡಿ. ಒಂದೊಂದನ್ನೂ ನೋಡಿ ಹೇಗದೆ ಅಂತ ಹೇಳಿ. ಫ್ಲಾಪಿ?"

"ಕರೀದು. ಚೌಕ."

"ಸಿ.ಡಿ. ತೆಗೀರಿ. ಹೆಸರು ಬರೆದಿರೋ ಕಡೆ?"

"ಚೆಂದಾಗದೆ. ಗೀರಿಲ್ಲ."

"ತಿರುಗಿಸಿ. ಹೊಳೆಯೋ ಕಡೆ?"

ಒಳಗೆ ಬಳೆ ಸದ್ದಾಯಿತು.

"ಏನಾದ್ರೂ ಅದಾ?"

ಕಡಲೆಕಾಯಿ ಒಡೆಯುವ ಸದ್ದು ಮಾತ್ರ.

"ನಾಗರತ್ನ ಅವ್ರೇ?"

"...ಅದೆ."

"ಏನು?"

"ಗೆರೆ. ಮೂರು."

"ಗೀರಾ?"

"ಗೀರಲ್ಲ. ಬಳ್ದಿರೋದು."

ಕಡಲೆಕಾಯಿಯ ಸದ್ದು ನಿಂತಿತು. "ಏನ್ ಬಳ್ದಿರೋದು ಕಣಮ್ಮಿ? ತಾ ಇಲ್ಲಿ" ಎಂದರು ಮಂಗಳಗೌರಮ್ಮ.

ನಾಗರತ್ನ ಸಿ.ಡಿ.ಯನ್ನು ಅಂಚಿನಲ್ಲಿ ಹಿಡಿದು ಹೊಸಲಿಗೆ ಬಂದಳು. ನನಗೂ ಕಾಣಿಸಿತು. ಕನ್ನಡಿಯಂತೆ ಹೊಳೆಯುವ ಮುಖದ ಮೇಲೆ, ಹಣೆಗೆ ಎಳೆದ ಹಾಗೆ, ಒದ್ದೆ ಬೆರಳಿನಿಂದ ಅಡ್ಡಕ್ಕೆ ಎಳೆದ ಮೂರು ಕಪ್ಪು ಗೆರೆ. ಅಲ್ಲಲ್ಲಿ ಉದುರಿ, ತಿರುಗಿದ ರಭಸಕ್ಕೆ ಚದುರಿದ್ದವು.

ಆ ಮನೆಯ ವಿಭೂತಿ ಬಿಳಿ. ಟಿ.ವಿ.ಗೆ, ಸ್ಟೆಬಿಲೈಸರಿಗೆ, ಸ್ಕ್ರೂಡ್ರೈವರಿನ ಹಿಡಿಗೆ ಕೂಡ ಬಿಳಿ ಗೆರೆ ಇರುತ್ತದೆ. ಧೂಳ್ತ ಎನ್ನುವ ಕಪ್ಪು ಬೂದಿ ಮಂಟೇಸ್ವಾಮಿಯದು. ನಮ್ಮ ಕೇರಿಯಲ್ಲಿ ಪ್ರತಿ ಮನೆಯ ಗೋಡೆಗೂಡಿನಲ್ಲಿ ಒಂದು ಭರಣಿ ಇರುತ್ತದೆ. ಅಜ್ಜಿ ಕೇಳಲಿಲ್ಲ, ಹೇಳಿದರು.

"ಧೂಳ್ತ."

ನನಗೆ ಆಗ ಹೊಳೆಯಿತು. ಊರಿಗೆ ಬಂದ ದಿನ ಲಕೋಟೆಯನ್ನು ಭದ್ರವಾಗಿರಲಿ ಎಂದು ಸ್ವಾಮಿಯ ಪಟದ ಮುಂದೆ ಇಟ್ಟಿದ್ದೆ. ಹಾಕಿ ನೋಡಲು ಮನೆಯಲ್ಲಿ ಯಂತ್ರವಿಲ್ಲದವನು ಆಮೇಲೆ ತೆಗೆದು ನೋಡಿರಲಿಲ್ಲ. ಕಿಟಕಿಯಿಂದ ಹೆಸರು ಬರೆದ ಕಡೆ ಕಾಣುತ್ತಿತ್ತು, ಅಷ್ಟೆ. ಅವ್ವ ತೆಗೆದಿದ್ದಾಳೆ. ಹೊಳೆಯುವ ಕಡೆಯೇ ಮುಖ ಅಂದುಕೊಂಡಿದ್ದಾಳೆ. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ.

"ನಮ್ಮವ್ವ ಇಟ್ಟಿರೋದು ಅಮ್ಮಾವ್ರೇ. ನಂಗೆ ಗೊತ್ತಿರ್ಲಿಲ್ಲ" ಎಂದೆ.

ಅಜ್ಜಿ ಮೊಮ್ಮಗಳ ಕಡೆ ತಿರುಗಿದರು. "ನಿಂಗೆ ಗೊತ್ತಿತ್ತಾ?"

"ಮೊದಲ್ನೇ ದಿನವೇ ನೋಡ್ದೆ. ಅವ್ನೇ ಇಟ್ಕಂಡಿರ್ಬೇಕು ಅಂದ್ಕಂಡೆ."

"ಬಾಯ್ಬುಟ್ಟು ಏಳಕ್ಕೇನಾಗಿತ್ತು?"

"ಏಳಿದ್ರೆ ನೀನು ಆಚೆಗೆ ಎಸಿತಿದ್ದೆ."

ಮಂಗಳಗೌರಮ್ಮ ಸುಳ್ಳಾಡುವ ಹೆಂಗಸಲ್ಲ. ಸ್ವಲ್ಪ ಯೋಚಿಸಿದರು. "ಎಸಿತಿದ್ನೋ ಏನೋ" ಎಂದರು.

ಇಷ್ಟು ದಿನ ನಾವು ಮೆಮೊರಿಯನ್ನೂ ಕೇಬಲ್ಲನ್ನೂ ಪಂಪ್‌ಸೆಟ್ಟನ್ನೂ ಅನುಮಾನಿಸಿದ್ದೆವು. ತಪ್ಪು ಆ ಮೂರರದ್ದೂ ಅಲ್ಲ. ನಾನು ಒಳಗಿದ್ದಿದ್ದರೆ ಸಿ.ಡಿ. ಹಾಕುವಾಗಲೇ ನೋಡಿ ಒರೆಸುತ್ತಿದ್ದೆ. ನಾನು ಹೊರಗಿದ್ದದ್ದರಿಂದ ಅವಳು ನೋಡಿದಳು, ನೋಡಿ ನನ್ನನ್ನು ಕಾಪಾಡಲು ಸುಮ್ಮನಿದ್ದಳು. ಯಂತ್ರ ಕೆಟ್ಟಿರಲಿಲ್ಲ.

ನಾಗರತ್ನ ಸೆರಗಿನ ತುದಿ ಹಿಡಿದು ಒರೆಸಲು ಹೋದಳು. ಅಜ್ಜಿ ಗದರಿದರು.

"ಸೆರಗಲ್ಲಿ ಒರೆಸ್ಬೇಡ ಕಣಮ್ಮಿ! ಸ್ವಾಮಿ ಧೂಳ್ತ, ನೆಲಕ್ಕೆ ಬಿದ್ರೆ ಕಾಲಿಗೆ ಸಿಕ್ತದೆ."

ಎದ್ದು ಒಳಗೆ ಹೋದರು. ಕಂಪ್ಯೂಟರನ್ನೇ ಆಚೆ ಹಾಕು ಅನ್ನುತ್ತಾರೇನೋ ಎಂದು ನಾನು ಪುಸ್ತಕ ಚೀಲಕ್ಕೆ ಹಾಕಿಕೊಂಡೆ. ಅವರು ಬಂದಾಗ ಕೈಯಲ್ಲಿ ಒಂದು ಚೊಂಬು ನೀರು, ಒಂದು ಹಿತ್ತಾಳೆ ತಟ್ಟೆ, ಸವೆದು ಮೆತ್ತಗಾದ ಪಂಚೆಯ ತುಂಡು ಇತ್ತು.

"ನೀರ್ ತಾಗಿದ್ರೆ ಕೆಡ್ತದೇನ್ಲಾ?"

"ಕೆಡಲ್ಲ ಅಮ್ಮಾವ್ರೇ."

ಅವರೇ ನೀರು ಬಿಟ್ಟರು. ಕಪ್ಪು ನೀರು ತಟ್ಟೆಗೆ ಇಳಿಯಿತು. "ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಬೇಡಿ" ಎಂದು ನಾನು ಕೂಗಿದೆ. ನಾಗರತ್ನ ಹಾಗೇ ಒರೆಸಿದಳು. ತಟ್ಟೆಯ ನೀರನ್ನು ಮಂಗಳಗೌರಮ್ಮ ಅಂಗಳದಾಚೆಯ ಬಿಲ್ವದ ಗಿಡದ ಬುಡಕ್ಕೆ ಹುಯ್ದು, ಬೆರಳಿನ ತುದಿಯನ್ನು ಕಣ್ಣಿಗೆ ಒತ್ತಿಕೊಂಡು ಬಂದರು. ಬರುವಾಗ ನನ್ನ ಚಪ್ಪಲಿ ಸೋಕದಂತೆ ಸುತ್ತಿ ಬಂದರು.

ನಮ್ಮ ಧೂಳ್ತಕ್ಕೆ ಆ ಮನೆಯಲ್ಲಿ ಇದ್ದ ಮರ್ಯಾದೆ ನಮಗೆ ಇರಲಿಲ್ಲ. ಇದು ದೂರಲ್ಲ, ಇದ್ದದ್ದು. ಆ ಚೊಂಬು ನೀರು ಬಾರದಿದ್ದರೆ ಈ ಕತೆ ಅಲ್ಲಿಗೇ ಮುಗಿಯುತ್ತಿತ್ತು ಎಂಬುದೂ ಇದ್ದದ್ದೇ.

ಸಿ.ಡಿ. ಒಣಗಿತು. ಮತ್ತೆ ಶುರುಮಾಡಿದೆವು. ಈಗ ಎಲ್ಲಿ ಏನು ಒತ್ತಬೇಕೆಂದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಸುಮ್ಮನೆ ಕೇಳುತ್ತ ಕೂತೆ. ಹಿಂದೆ ನಿಂತ ಜಾಗ ದಾಟಿತು, ಇನ್ನೊಂದು ಜಾಗವೂ ದಾಟಿತು. ಊಟಿ ಬಸ್ಸು ಹೋಯಿತು, ಕೇರಳದ ತರಕಾರಿ ಲಾರಿಗಳು ಹೋದವು. ದೊಡ್ಡಮಲ್ಲಪ್ಪನವರು ಹೊಲದಿಂದ ಬಂದು, ಏನೂ ಕೇಳದೆ, ಹಿಂದೆ ಹೋಗಿ ಪಂಪ್ ಆಫ್ ಮಾಡಿ ಬಂದು ಕೂತರು.

"ಮುಗೀತು!" ಎಂದು ನಾಗರತ್ನ ಕಿರುಚಿದಳು. "ಲಾಗಿನ್ ಅಂತ ಬಂದದೆ! ಪಕ್ಕದಲ್ಲಿ ಮಿಣಮಿಣ ಅಂತದೆ!"

ಲಿನಕ್ಸಿನಲ್ಲಿ ಯಂತ್ರ ಬಳಸುವ ಪ್ರತಿಯೊಬ್ಬನಿಗೂ ಅವನದೇ ಹೆಸರು, ಅವನದೇ ಗುಟ್ಟಿನ ಪದ ಕೊಡಬೇಕು. ಹೇಗೆಂದು ಹೇಳಿದೆ. ಅವಳು ತನಗೊಂದು ಮಾಡಿಕೊಂಡಳು. ಆಮೇಲೂ ಟಕಟಕ ನಿಲ್ಲಲಿಲ್ಲ.

"ಇನ್ನೇನ್ ಹೊಡೀತಿದ್ದೀರಿ?"

"ನಿಂದೂ ಒಂದು ಮಾಡ್ದೆ ಕಣೋ."

ನಾನು ಚಪ್ಪಲಿ ಮೆಟ್ಟಿ, ಅವ್ವನಿಗೆ ಹೇಳಲು ಮನೆಯ ಕಡೆ ಹೊರಟೆ.

ಮಾರನೆಯ ದಿನ ಆಯುಧಪೂಜೆ. ಮನೆಯ ಆಯುಧವೆಲ್ಲ ತೊಳೆಸಿಕೊಂಡು ಹೊರಗೆ ಬರುವ ದಿನ. ನೇಗಿಲು, ಕುಡುಗೋಲು, ಗುದ್ದಲಿ, ಔಷಧಿ ಹೊಡೆಯುವ ಪಂಪು, ಅಂಗಳದಲ್ಲಿ ಟ್ರಾಕ್ಟರು. ಅಪ್ಪ ಅವುಗಳನ್ನೆಲ್ಲ ತೊಳೆದು ಸಾಲಾಗಿ ಇಟ್ಟಿದ್ದ. ದೊಡ್ಡಮಲ್ಲಪ್ಪನವರು ಸಾಲನ್ನು ನೋಡಿ ಒಳಗೆ ಕೂಗಿದರು.

"ಆ ಪೆಟ್ಗೆ ಎಲ್ಲಿ? ಎದ್ದದಲ್ಲ, ತಂದು ಇಡಿ. ಕೂತಿದ್ದ ಗಾಡಿಗೆ ಪೂಜೆ ಇಲ್ಲ, ಓಡೋದ್ಕೆ ಅದೆ."

ನಾಗರತ್ನ ಮತ್ತು ದೊಡ್ಡಮಲ್ಲಪ್ಪನವರು ಹಿಡಿದುಕೊಂಡು ಅದನ್ನು ಜಗಲಿಗೆ ತಂದರು. ಹಾಗೆ ನಾನು ಅದನ್ನು ಮೊದಲ ಸಲ ನೋಡಿದೆ. ಇಷ್ಟೇ ಇತ್ತು. ಹಳದಿಗೆ ತಿರುಗಿದ ಬಿಳಿ ಡಬ್ಬಿ, ಗೂನುಬೆನ್ನಿನ ಮಾನಿಟರು. ಮಂಗಳಗೌರಮ್ಮ ಮಾನಿಟರಿನ ಹಣೆಗೆ ಬಿಳಿ ವಿಭೂತಿ ಎಳೆಯಲು ಬಂದು, ನನ್ನ ಕಡೆ ನೋಡಿದರು.

"ಇಲ್ಲಿ ಇಡಬೌದಾ? ಇಲ್ಲಿಟ್ರೂ ಸಾಯ್ತದಾ?"

"ಪ್ಲಾಸ್ಟಿಕ್ ಮೇಲೆ ಎಲ್ಲಿ ಬೇಕಾದ್ರೂ ಇಡಿ ಅಮ್ಮಾವ್ರೇ."

ಚೆಂಡುಹೂವು ಇಟ್ಟರು. ಕುಂಬಳಕಾಯಿ ಒಡೆದಾಯಿತು. ಜಗಲಿಯ ಬಲ್ಬಿನ ಹೋಲ್ಡರಿಗೆ ವೈರು ಕೊಟ್ಟು ಯಂತ್ರ ಚಾಲೂ ಮಾಡಿದ್ದೆವು. ಅಷ್ಟರಲ್ಲಿ ಸಾಗರ ಗೆಳೆಯನ ವ್ಯಾನು ತೆಗೆದುಕೊಂಡು ಬಂದ. ತಂಪು ಕನ್ನಡಕ, ಹೊಸ ಪ್ಯಾಂಟು.

"ಯಾರೇ ಇದನ್ನ ಹೊರಗೆ ಹಾಕಿದ್ದು?" ಎನ್ನುತ್ತ ಬಂದು, ತೆರೆ ಬೆಳಗಿರುವುದು ನೋಡಿ ನಿಂತ. "ಅರೆ, ಆನ್ ಆಗಿದೆ. ಒಳ್ಳೇದಾಯ್ತು, ಅವನಿಗೆ ಸರಿ ಇರೋದನ್ನೇ ಕೊಡಬಹುದು." ಬಗ್ಗಿ ತನ್ನ ಹೆಸರು ಹೊಡೆದ. ಲಾಗಿನ್ ತಪ್ಪು ಎಂದಿತು. ಇನ್ನೊಮ್ಮೆ ಹೊಡೆದ. ಮತ್ತೆ ತಪ್ಪು ಎಂದಿತು.

"ಏನೇ ಇದು?"

"ನಿನ್ನ ಹೆಸರು ಇದ್ರಲ್ಲಿಲ್ಲ ಕಣಣ್ಣ" ಎಂದಳು ನಾಗರತ್ನ.

"ಇಲ್ದೆ? ಮತ್ತೆ ಯಾರ್ದಿದೆ?"

"ನಂದದೆ. ಮಾಲಿಂಗಂದದೆ."

ಸಾಗರ ನನ್ನನ್ನು ನೋಡಿದ. ಅಂಗಳದಲ್ಲಿ ಗುದ್ದಲಿಗಳ ಪಕ್ಕ ನಿಂತಿದ್ದ ನಮ್ಮಪ್ಪ ತಲೆ ತಗ್ಗಿಸಿದ. ನಾನು ತಗ್ಗಿಸಲಿಲ್ಲ. "ವಿಂಡೋಸ್ ಎಲ್ಲಿ ಹೋಯ್ತೋ?" ಎಂದ. "ಅಳಿಸಿದ್ವಿ" ಎಂದೆ. "ತಾತ, ನೋಡಿ ಇವ್ನು..." ಎಂದು ಶುರುಮಾಡಿದ.

ದೊಡ್ಡಮಲ್ಲಪ್ಪನವರಿಗೆ ನಗು ಹತ್ತಿತ್ತು. ಎಲೆಯಡಿಕೆ ಉಗಿದು ಬಂದರು. "ಅಲ್ಲ ಕಣ್ಲಾ, ನಮ್ಮ ದುಡ್ಡಿನ ಪೆಟ್ಗೆ, ನಿನ್ನೇ ಯಾರು ಅಂತ ಕೇಳ್ತದಲ್ಲ!"

"ತಮಾಷೆ ಅಲ್ಲ ತಾತ. ನಾನು ಅವನಿಗೆ ಮಾತು ಕೊಟ್ಟಿದ್ದೀನಿ."

"ನಾನೂ ಕೊಟ್ಟಿವ್ನಿ. ಎದ್ರೆ ಇಲ್ಲೇ ಇರ್ಲಿ ಅಂದಿದ್ದೆ. ಎದ್ದದೆ. ಪೂಜೆನೂ ಆಗದೆ. ನಿನ್ ಅಜ್ಜಿ ಪೂಜೆ ಮಾಡಿದ್ದನ್ನ ವ್ಯಾನಿಗೆ ಎತ್ತಾಕು, ನೋಡನ."

ಸಾಗರ ಅಜ್ಜಿಯ ಕಡೆ ನೋಡಿದ. ಅವರು ಕರ್ಪೂರದ ತಟ್ಟೆಯನ್ನು ಅವನ ಮುಂದೆ ಹಿಡಿದರು. ಅವನು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡ. ಊಟ ಮಾಡಿ, ಖಾಲಿ ವ್ಯಾನಿನಲ್ಲಿ ವಾಪಸ್ ಹೋದ.

ಯಂತ್ರವನ್ನು ಒಳಗೆ ಎತ್ತಿಡಲು ಹೋದಾಗ ಮಂಗಳಗೌರಮ್ಮ ಬೇಡವೆಂದರು. "ಇವಳು ಟಕಟಕ ಅಂದ್ರೆ ಟೀವಿ ಕೇಳಲ್ಲ. ಜಗಲಿ ಪಕ್ಕದ ಮೂಟೆ ರೂಮಲ್ಲಿ ಇಟ್ಕೊಳ್ಳಿ, ಒಂದ್ ಪ್ಲಗ್ ಆಕ್ಸಿ." ಆ ರೂಮಿನ ಬಾಗಿಲು ಜಗಲಿಗೆ ತೆರೆಯುತ್ತದೆ. ಅರಿಸಿನದ ಮೂಟೆ ಹೊತ್ತು ನಮ್ಮ ಕೇರಿಯವರು ಅಲ್ಲಿಗೆ ಹೋಗುತ್ತಾರೆ. ಅವರು ಟಿ.ವಿ.ಗಾಗಿಯೇ ಹಾಗೆ ಹೇಳಿದರೋ, ಬೇರೆ ಯೋಚನೆ ಇತ್ತೋ, ನಾನು ಕೇಳಿಲ್ಲ. ಕೊಟ್ಟದ್ದನ್ನು ತೆಗೆದುಕೊಂಡೆ. ಅವರು ನನ್ನನ್ನು ನಡುಮನೆಗೆ ಕರೆದಿಲ್ಲ, ಇವತ್ತಿಗೂ ಕರೆದಿಲ್ಲ. ಅವರು ನೀರು ಬಿಟ್ಟ ಚೊಂಬನ್ನು ನಾನು ಮರೆಯುವುದೂ ಇಲ್ಲ. ಎರಡನ್ನೂ ಒಂದೇ ತಲೆಯಲ್ಲಿ ಇಟ್ಟುಕೊಳ್ಳಲು ಕಲಿತಿದ್ದೇನೆ.

ಆ ಸಂಜೆ ಇನ್ನೂ ಬೆಳಕಿತ್ತು. ಪ್ಲಗ್ ಬರುವವರೆಗೆ ಎಂದು ಜಗಲಿಯ ಬಲ್ಬಿನ ವೈರನ್ನೇ ಮೂಟೆ ರೂಮಿಗೆ ಎಳೆದುಕೊಂಡಿದ್ದೆವು. ಬರೀ ಅಕ್ಷರದ ಬದಲು ಚಿತ್ರವೂ ಮೌಸೂ ಆಡುವ ತೆರೆ ತರುವ ಕೆಲಸ ಒಂದು ಉಳಿದಿತ್ತು. ನಾಗರತ್ನ ಮೂಟೆ ರೂಮಿನ ಸ್ಟೂಲನ್ನು ಕೀಬೋರ್ಡ್ ಮುಂದೆ ಎಳೆದು, ತಾನು ಹೋಗಿ ಮೂಟೆಯ ಮೇಲೆ ಕೂತಳು.

"ಇವತ್ತು ನೀನು ಹೊಡಿ. ನಿನ್ ಹೆಸರಿಂದಲೇ ಶುರುಮಾಡು."

ಕೂತೆ. ಕೈ ಎತ್ತಿದೆ. ಯಾವ ಕಮಾಂಡಿನ ಅರ್ಥವೇನೆಂದು ನಿದ್ದೆಯಲ್ಲೂ ಹೇಳಬಲ್ಲವನಿಗೆ ಎಮ್ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಒಂದು ಬೆರಳು ಗಾಳಿಯಲ್ಲಿ ಹಿಡಿದು ಕೀಬೋರ್ಡಿನ ಮೇಲೆಲ್ಲ ಹುಡುಕಿದೆ.

"ಕೆಳಗಿನ ಸಾಲು ಕಣೋ. ಬಲಕ್ಕೆ. ಇನ್ನೂ ಬಲಕ್ಕೆ. ಅಯ್ಯೋ, ಅದು ಎನ್ನು!"

"ಸಿಕ್ತು."

"ಈಗ ಎ. ಎಡಗಡೆ ತುದಿ. ನಿಧಾನಕ್ಕೆ ಹೊಡಿ, ಕೀ ಕಿತ್ತು ಬಂದಾತು."

ಆ ತೆರೆಗೆ ಬೇಕಾದ, ಮಾನಿಟರಿನ ಬೆನ್ನಿಗೆ ಅಂಟಿಸಿದ್ದ ಚೀಟಿಯಲ್ಲಿದ್ದ ಅಂಕಿಗಳನ್ನು ನಾನೇ ಬಗ್ಗಿ ಓದಿದೆ, ನಾನೇ ಹೊಡೆದೆ. ಮೊದಲ ಸಲ ತೆರೆ ಹರಿದ ಬಟ್ಟೆಯ ಹಾಗೆ ಚೂರುಚೂರಾಗಿ ಬಂತು. ಒಂದು ಅಂಕಿ ತಪ್ಪಾಗಿತ್ತು, ಅವಳು ಮೂಟೆಯ ಮೇಲಿಂದಲೇ ಹಿಡಿದಳು. ಎರಡನೆಯ ಸಲ ಬೂದು ಬಣ್ಣದ ತೆರೆ ತುಂಬಿ ನಿಂತಿತು. ನಡುವೆ ಒಂದು ಕಪ್ಪು ಗುಣಾಕಾರದ ಗುರುತು. ಮೌಸ್ ಆಡಿಸಿದರೆ ಅದೂ ಆಡಿತು.

ಮಂಗಳಗೌರಮ್ಮ ಕಾಫಿ ತಂದು ಜಗಲಿಯ ಅಂಚಿಗೆ ಇಟ್ಟರು. ಲೋಟ ಅದೇ. ಬಾಗಿಲಲ್ಲಿ ನಿಂತು ಬಹಳ ಹೊತ್ತು ತೆರೆಯನ್ನು ನೋಡಿದರು.

"ಇಷ್ಟಕ್ಕೇನ್ಲಾ ಇಷ್ಟು ದಿವ್ಸ ಕೂಗಾಡಿದ್ದು?"

"ಇಷ್ಟಕ್ಕೇ ಅಮ್ಮಾವ್ರೇ" ಎಂದೆ.

"ಕುಡಿ. ಆರೋಯ್ತದೆ" ಎಂದರು.